ಜಗಲಿ ಮೇಲಿನ ಔಷಧಿ ಡಬ್ಬ

ಗೂಡು ಬೇಯುವ ವಾಸನೆಯನ್ನು ಅದು ಗೊತ್ತಿಲ್ಲದವರಿಗೆ ವಿವರಿಸಿ ಹೇಳುವುದು ಕಷ್ಟ. ಕುದಿಯುವ ನೀರಿನಲ್ಲಿ ರೇಷ್ಮೆಗೂಡು ಮೆತ್ತಗಾಗಿ, ಒಳಗಿನ ಹುಳು ಬೆಂದು, ಅದಕ್ಕೆ ಸೌದೆಯ ಹೊಗೆಯೂ ಸೇರಿಕೊಂಡಾಗ ಏಳುವ ವಾಸನೆ ಅದು. ನಾನು ಚಿಕ್ಕವಳಿದ್ದಾಗ ಬೆಂಗಳೂರಿನ ಬಸ್ಸು ರಾಮನಗರದೊಳಕ್ಕೆ ಬಂದ ಕೂಡಲೇ ಕಿಟಕಿ ಪಕ್ಕ ಕೂತವರು ಮೂಗಿಗೆ ಕರ್ಚೀಫು ಒತ್ತಿಕೊಳ್ಳುತ್ತಿದ್ದರು. ನಮಗೆ ಅದನ್ನು ನೋಡಿದರೆ ನಗು. ನಮ್ಮವ್ವನ ಸೆರಗಲ್ಲಿ, ಜಡೆಯಲ್ಲಿ, ಅವಳು ಮುರಿದು ಕೊಡುತ್ತಿದ್ದ ಮುದ್ದೆಯ ತುತ್ತಿನಲ್ಲಿ ಕೂಡ ಅದೇ ವಾಸನೆ ಇರುತ್ತಿತ್ತು. ಈಗ ಗೂಡು ಬೇಯಿಸಿ ನೂಲು ತೆಗೆಯುವ ರೀಲಿಂಗ್ ಶೆಡ್ಡುಗಳು ಎಷ್ಟೋ ಮುಚ್ಚಿಹೋಗಿವೆ, ವಾಸನೆಯೂ ತೆಳುವಾಗಿದೆ. ಹೋದ ತಿಂಗಳು ಚನ್ನಪಟ್ಟಣದಲ್ಲಿ ನಾನು ಪಾಠ ಮಾಡುವ ಶಾಲೆ ಮುಗಿಸಿಕೊಂಡು ಬರುವಾಗ ರಾಮನಗರದ ಹಳೇ ರಸ್ತೆಯಲ್ಲಿ ಬಸ್ಸು ಕೆಟ್ಟು ನಿಂತಿತು. ಕೆಳಗಿಳಿದು ನಿಂತಿದ್ದೆ. ಎಲ್ಲೋ ಹಿಂದಿನ ಬೀದಿಯಿಂದ ಆ ವಾಸನೆ ಬಂತು. ಸುತ್ತ ನೋಡಿದರೆ, ನಾನು ನಿಂತಿದ್ದ ಜಾಗ ಕಾಂಪೌಂಡರ್ ತಾತನ ಮನೆಯ ಪಡಸಾಲೆ ಇದ್ದ ಜಾಗ. ಈಗ ಅಲ್ಲಿ ಟಾರು ರಸ್ತೆಯ ಮೇಲೆ ಬಿಳಿ ಗೆರೆ ಎಳೆದಿದ್ದಾರೆ.

ತಾತ ನಮಗೆ ರಕ್ತಸಂಬಂಧಿಯಲ್ಲ. ಅವರ ಮನೆಯ ಹಿಂದುಗಡೆಯ ಎರಡು ಕೋಣೆಯಲ್ಲಿ ನಾವು ಬಾಡಿಗೆಗಿದ್ದೆವು. ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ರಿಟೈರ್ ಆದವರು, ಹೆಸರು ಚಿಕ್ಕರಂಗಪ್ಪ. ಆ ಹೆಸರು ಕರೆದರೆ ಅವರೇ ತಿರುಗಿ ನೋಡುತ್ತಿರಲಿಲ್ಲವೇನೋ, ಊರಿಗೆಲ್ಲ ಅವರು ಕಾಂಪೌಂಡರೇ. ಅವ್ವ ಅವರನ್ನು ಅಪ್ಪ ಎಂದೇ ಕರೆಯುತ್ತಿದ್ದಳು. ಅವರ ಹೆಂಡತಿ ನಮಗೆ ದೊಡ್ಡವ್ವ. ಮಕ್ಕಳೆಂದರೆ ಒಬ್ಬಳೇ ಮಗಳು, ಅವಳನ್ನು ಕನಕಪುರಕ್ಕೆ ಕೊಟ್ಟಿದ್ದರು. ರಿಟೈರ್ ಆದ ಮೇಲೆ ಸುಮ್ಮನೆ ಕೂರಲಾಗದೆ ತಾತ ತಮ್ಮ ಪಡಸಾಲೆಯನ್ನೇ ಧರ್ಮದ ದವಾಖಾನೆ ಮಾಡಿಬಿಟ್ಟರು. ಬುಧವಾರ, ಭಾನುವಾರ ಬೆಂಗಳೂರಿನಿಂದ ಒಬ್ಬ ಡಾಕ್ಟರಮ್ಮ ಬೆಳಗಿನ ರೈಲಿಗೆ ಬರುತ್ತಿದ್ದರು. ಅವರು ಫೀಸು ತೆಗೆದುಕೊಳ್ಳುತ್ತಿರಲಿಲ್ಲ, ದೊಡ್ಡವ್ವನ ಕೈಯ ಹುರುಳಿಕಾಳು ಸಾರಿನಲ್ಲಿ ಮುದ್ದೆ ಉಂಡು ಹೋಗುತ್ತಿದ್ದರು. "ಆ ಯಮ್ಮ ರೋಗಿಗಳ ಆಸೆಗೆ ಬರಾಕಿಲ್ಲ, ನನ್ ಸಾರಿನ ಆಸೆಗೆ ಬತ್ತದೆ" ಎಂದು ದೊಡ್ಡವ್ವ ಅವರ ಎದುರಿಗೇ ಹೇಳುವರು. ಡಾಕ್ಟರಮ್ಮ ಇಲ್ಲವೆನ್ನುತ್ತಿರಲಿಲ್ಲ.

ಆಗ ಬಿಡದಿ ಕಡೆ ಹೊಲಗಳಿಗೆಲ್ಲ ತಂತಿಬೇಲಿ ಬಿದ್ದು ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ಫ್ಯಾಕ್ಟರಿಯಲ್ಲಿ ಖಾಯಂ ಆದವರಿಗೆ ಪುಕ್ಕಟೆ ಆಸ್ಪತ್ರೆ, ಔಷಧಿಯ ಇಎಸ್‌ಐ ಕಾರ್ಡು ಸಿಗುತ್ತಿತ್ತು, ಆ ಕಾರ್ಡು ಇದ್ದವನಿಗೆ ಹೆಣ್ಣು ಕೊಡಲು ಜನ ಮುಂದೆ ಬರುತ್ತಿದ್ದರು. ನಮ್ಮಪ್ಪ ಅಲ್ಲೇ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಆದರೆ ಕಾಂಟ್ರಾಕ್ಟರ ಕಡೆಯವನು, ಅವನಿಗೆ ಕಾರ್ಡಿಲ್ಲ. ಅವ್ವ ಅಮೀರ್ ಸಾಬರ ಶೆಡ್ಡಿನಲ್ಲಿ ನೂಲು ತೆಗೆಯುವವಳು, ಅವಳಿಗಂತೂ ಕಾರ್ಡಿನ ಮಾತೇ ಇಲ್ಲ. ಹಾಗೆ ಕಾರ್ಡಿಲ್ಲದ ಇಡೀ ಊರು ತಾತನ ಜಗಲಿ ಮೇಲೆ ಬಂದು ಕೂರುತ್ತಿತ್ತು. ಬಿಸಿನೀರಲ್ಲಿ ಬೆರಳು ಬಿಳಿಚಿ ಬಿರಿದ ಹೆಂಗಸರು, ಕಲ್ಲು ಕ್ವಾರಿಯ ದೂಳು ಕುಡಿದ ಗಂಡಸರು, ಸಕ್ಕರೆ ಕಾಯಿಲೆಯ ಮುದುಕಿಯರು. ತಾತ ಮಾತ್ರೆಯ ಸ್ಟ್ರಿಪ್ಪನ್ನು, ನಮ್ಮ ಬಾಯಲ್ಲಿ ಅದು ಪಟ್ಟಿ, ಕತ್ತರಿಯಿಂದ ಎಷ್ಟು ದಿನಕ್ಕೆ ಬೇಕೋ ಅಷ್ಟಕ್ಕೆ ಓರೆಯಾಗಿ ಕತ್ತರಿಸಿ, ಕಾಗದದ ಕವರಿನೊಳಗೆ ಹಾಕಿ, ಓದು ಬಾರದವರಿಗೆಂದು ಅದರ ಮೇಲೆ ಬೆಳಗಿನ ಮಾತ್ರೆಗೆ ಸೂರ್ಯ, ಸಂಜೆಯದಕ್ಕೆ ಚಂದ್ರ ಬರೆದುಕೊಡುತ್ತಿದ್ದರು. ಅವರ ಸೂರ್ಯನಿಗೆ ಮೀಸೆಯೂ ಇರುತ್ತಿತ್ತು.

ಔಷಧಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು ಎಂದು ಕೇಳಿದರೆ ಈಗಿನವರು ನಂಬಲಿಕ್ಕಿಲ್ಲ. ಗೂಡಿನ ಮಾರ್ಕೆಟ್ಟಿನಿಂದ. ಅಲ್ಲಿ ಬಾಗಿಲ ಪಕ್ಕದಲ್ಲಿ ತಾತ ಒಂದು ಬಿದಿರು ಬುಟ್ಟಿ ಇಟ್ಟಿದ್ದರು. ಗೂಡು ತಂದ ರೈತರು ಹರಾಜಿಗೆ ಸುರಿಯುವ ಮೊದಲು ಅದಕ್ಕೊಂದು ಹಿಡಿ ಹಾಕಿ ಹೋಗುವರು. ಕನಕಪುರದ ಕಡೆಯವರು, ಮಾಗಡಿಯವರು, ಚನ್ನಪಟ್ಟಣದವರು ಎಲ್ಲರದೂ ಸೇರಿ ಬುಟ್ಟಿ ತುಂಬುತ್ತಿತ್ತು. ತುಂಬಿದ ಬುಟ್ಟಿಯನ್ನೂ ಹರಾಜು ಕೂಗುತ್ತಿದ್ದರು. ಗೂಡಿನ ಕೆಲಸ ಬಲ್ಲವರು ಅದನ್ನು ಮುಟ್ಟಬಾರದು ನೋಡಿ, ಹಳದಿ ಗೂಡು, ಬಿಳಿ ಗೂಡು, ಗಟ್ಟಿಯದು, ಜೊಳ್ಳು ಎಲ್ಲ ಬೆರೆತ ಮಾಲು, ನೂಲು ಮಾರಿಗೊಂದು ಸಲ ಹರಿಯುತ್ತದೆ. ಆದರೂ ಅಮೀರ್ ಸಾಬರು ಪ್ರತಿ ಸಲ ಒಳ್ಳೇ ಮಾಲಿನ ರೇಟನ್ನೇ ಕೂಗಿ ಅದನ್ನು ಕೊಳ್ಳುತ್ತಿದ್ದರು. ಬೇರೆ ರೀಲರುಗಳು ಅವರನ್ನು ರೇಗಿಸಿದರೆ "ಅರೆ, ಹರಿದ್ರೆ ಗಂಟು ಹಾಕೋಣ, ಅದ್ರಲ್ಲೇನು" ಎನ್ನುವರು. ಗಂಟು ಹಾಕುತ್ತಿದ್ದವಳು ನಮ್ಮವ್ವ. ಆ ದಿನ ಅವಳು ಮನೆಗೆ ಬಂದು ಬೈದುಕೊಳ್ಳುತ್ತಾ ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

ಅವ್ವನಿಗೆ ಉಬ್ಬಸ ಇತ್ತು. ಶೆಡ್ಡಿನ ಹೊಗೆ, ಹಬೆ ಕುಡಿದೂ ಕುಡಿದೂ ಬಂದದ್ದು. ಮೊದಲು ಮೆಟ್ಟಿಲು ಹತ್ತಿದರೆ ಮಾತ್ರ ಎದೆ ಸಿಳ್ಳೆ ಹಾಕುತ್ತಿತ್ತು, ನಾನು ನಾಲ್ಕನೇ ಕ್ಲಾಸಿಗೆ ಬರುವ ಹೊತ್ತಿಗೆ ಕೂತಲ್ಲಿಯೇ ಹಾಕತೊಡಗಿತು. ಅವಳು ಸತ್ತುಹೋದರೆ ಎಂಬ ಹೆದರಿಕೆಯನ್ನು ನಾನು ಯಾರಿಗೂ ಹೇಳದೆ ಸ್ಕೂಲಿಗೂ ಹೊತ್ತುಕೊಂಡು ಹೋಗುತ್ತಿದ್ದೆ. ಕೊನೆಗೆ ದೊಡ್ಡವ್ವನೇ ಅವಳನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸಿದರು. ಡಾಕ್ಟರಮ್ಮ ಪುಟ್ಟದೊಂದು ಯಂತ್ರ ಕೊಟ್ಟು, ಅದರೊಳಗೆ ಕ್ಯಾಪ್ಸೂಲು ಹಾಕಿ ಉಸಿರೆಳೆಯುವುದನ್ನು ಹೇಳಿಕೊಟ್ಟರು. ನಾವು ಅದನ್ನು ಪಂಪು ಎನ್ನುತ್ತಿದ್ದೆವು. ಬೆಳಿಗ್ಗೆ ಒಂದು, ಸಂಜೆ ಒಂದು, ಮೂರು ತಿಂಗಳಿಗಾಗುವಷ್ಟು ಕ್ಯಾಪ್ಸೂಲು. ಹದಿನೈದು ದಿನದಲ್ಲಿ ಅವ್ವನ ಎದೆಯ ಸಿಳ್ಳೆ ನಿಂತಿತು. ಬಾವಿಕಟ್ಟೆಯಿಂದ ತುಂಬಿದ ಬಿಂದಿಗೆ ಹೊತ್ತುಕೊಂಡು ಒಂದೇ ಉಸಿರಿಗೆ ಬಂದವಳು "ನೋಡ್ದಾ ಮಗಾ" ಎಂದು ನನ್ನ ಮುಂದೆ ನಿಂತು ನಕ್ಕಳು. ಅಷ್ಟು ಸಂತೋಷವನ್ನು ನಾನು ಆಮೇಲೆ ನನ್ನ ಮದುವೆಯಲ್ಲೂ ಪಡಲಿಲ್ಲ ಎಂದರೆ ನಮ್ಮ ಯಜಮಾನರು ಬೇಸರ ಮಾಡಿಕೊಳ್ಳಬಾರದು.

ಇನ್ನು ಆ ಡಬ್ಬದ ಮಾತು. ಜಗಲಿಯ ಕಂಬದ ಪಕ್ಕ ತಾತ ಒಂದು ದೊಡ್ಡ ಬಿಸ್ಕತ್ ಡಬ್ಬ ಇಟ್ಟು, ಅದರ ಮೇಲೆ ಬೋರ್ಡಿನ ಹಾಗೆ ಕೆಂಪು ಪೇಂಟಿನಲ್ಲಿ 'ನಿಮ್ಮಲ್ಲಿ ಉಳಿದ ಔಷಧಿ ಇಲ್ಲಿ ಹಾಕಿ, ಬಡವರಿಗಾಗುತ್ತದೆ' ಎಂದು ಬರೆದಿದ್ದರು. ಹೊಸ ಲೇಔಟಿನ ಉಳ್ಳವರನ್ನು, ಕಾರ್ಡಿದ್ದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಮೊದಮೊದಲು ಡಬ್ಬ ಖಾಲಿ ಇರುತ್ತಿತ್ತು, ಆಮೇಲೆ ತಾನಾಗಿ ತುಂಬತೊಡಗಿತು. ತಾತ ಓಡಾಡುವಾಗೆಲ್ಲ ಅದನ್ನೆತ್ತಿ ಅಲ್ಲಾಡಿಸಿ ನೋಡಿ ಹಿಗ್ಗುವರು. ತಿಂಗಳಿಗೊಮ್ಮೆ ತೆಗೆದು, ವಿಂಗಡಿಸಿ, ಅಲಮಾರಿಗೆ ಸೇರಿಸುವರು. "ನಮ್ಮೂರಾಗೆ ಧರ್ಮ ಇನ್ನೂ ಐತೆ ಕಣೇ" ಎಂದು ದೊಡ್ಡವ್ವನಿಗೆ ಹೇಳುವರು.

ಅವ್ವನಿಗೆ ಉಸಿರು ಸರಿಹೋಗಿ ತಿಂಗಳ ಮೇಲಾಗಿತ್ತು. ಅದೊಂದು ಬುಧವಾರ ಬೆಳಿಗ್ಗೆ, ನಾನು ಸ್ಕೂಲಿಗೆ ಹೊರಟು ನಿಂತಿದ್ದೆ, ಅಮೀರ್ ಸಾಬರು ಆಟೋದಲ್ಲಿ ಅವ್ವನನ್ನು ಹಾಕಿಕೊಂಡು ಬಂದರು. ಶೆಡ್ಡಿನ ಒಲೆಯ ಮುಂದೆಯೇ ಕುಸಿದಿದ್ದಳಂತೆ. ತುಟಿ ನೇರಳೆ ಹಣ್ಣು ತಿಂದವರ ಹಾಗಾಗಿತ್ತು, ಮಾತಿಲ್ಲ, ಕಣ್ಣು ಮಾತ್ರ ನನ್ನನ್ನೇ ನೋಡುತ್ತಿದ್ದವು. "ಡಾಕ್ಟರಮ್ಮ, ಜಲ್ದಿ ನೋಡಿ, ನಮ್ ಹುಡುಗಿ ಹೋಗ್ಬುಡ್ತಾಳೆ" ಎಂದು ಸಾಬರು ಅಳುತ್ತಿದ್ದರು. ಡಾಕ್ಟರಮ್ಮ ಹೊಗೆಯಂತೆ ಔಷಧಿ ಬಿಡುವ ಮೆಷೀನು ಹಚ್ಚಿ ಮೂಗಿಗೆ ಮಾಸ್ಕ್ ಕಟ್ಟಿದರು, ಇಂಜೆಕ್ಷನ್ ಕೊಟ್ಟರು. ದೊಡ್ಡವ್ವ ಅವಳ ಬೆನ್ನ ಹಿಂದೆ ಕೂತು ಎದೆಗೊರಗಿಸಿಕೊಂಡರು. ನಾನು ಅವ್ವನ ಹೆಬ್ಬೆರಳನ್ನು ಹಿಡಿದುಕೊಂಡು ಕೂತೆ. ಹೊರಗೆ ಜಗಲಿಯಲ್ಲಿ ಅಷ್ಟು ಜನ ಇದ್ದರೂ ಯಾರೂ ಕೆಮ್ಮಲಿಲ್ಲ. ಬಿಸಿಲು ಹೊಸಲು ದಾಟಿ ಒಳಗೆ ಬರುವ ಹೊತ್ತಿಗೆ ತುಟಿಯ ಬಣ್ಣ ತಿಳಿಯಾಯಿತು.

"ಪಂಪು ತಗೋತಿದ್ಯಾ ಜಯಮ್ಮ?" ಎಂದು ಡಾಕ್ಟರಮ್ಮ ಕೇಳಿದರು. ಅವ್ವ ಕೈಯೆತ್ತಿ ಜಗಲಿಯ ಕಡೆ ತೋರಿಸಿದಳು. ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಮಾಸ್ಕ್ ಸರಿಸಿ, ಒಂದೊಂದೇ ಮಾತು ಹೇಳಿದಳು. "ವಾಸಿ ಆಗೋಯ್ತಲ್ಲಾ... ಉಳಿದಿದ್ದ ಡಬ್ಬಕ್ ಹಾಕ್ದೆ... ಪಾಪ, ಬಡವ್ರಿಗಾಯ್ತದೆ ಅಂತ." ತಾತ ಹೋಗಿ ಡಬ್ಬವನ್ನು ತಂದು ಬೆಂಚಿನ ಮೇಲೆ ಸುರಿದರು. ಮೊದಲು ಅವ್ವನ ಕವರು ಬಿತ್ತು, ಮೀಸೆಯ ಸೂರ್ಯನ ಸಮೇತ. ಆಮೇಲೆ ಬಿದ್ದದ್ದೆಲ್ಲ ಬಿಡಿ ಪಟ್ಟಿಗಳು, ಬಿ.ಪಿ.ಯವು, ಸಕ್ಕರೆಯವು. ತಾತ ಒಂದನ್ನೆತ್ತಿ ಅದರ ಅಂಚಿನ ಮೇಲೆ ಬೆರಳಾಡಿಸಿದರು. ಇನ್ನೊಂದನ್ನು ಎತ್ತಿದರು. ಎಲ್ಲವೂ ಓರೆಯಾಗಿ ಕತ್ತರಿಸಿದವು. "ಇವೆಲ್ಲ ನಾನೇ ಕತ್ತರಿಸಿ ಕೊಟ್ಟವು ಕಣಮ್ಮ" ಎಂದರು. "ಅಂಗಡಿಯೋರೂ ಹಿಂಗೇ ಕತ್ತರಿಸ್ತಾರೆ ಅಂದ್ಕೊಂಡಿದ್ದೆ. ಕೊಟ್ಟೋರು ನಾವು, ವಾಪಸ್ ತಗೊಂಡೋರೂ ನಾವೇ." ಜಗಲಿಯ ಮೇಲಿದ್ದವರು ಒಬ್ಬೊಬ್ಬರೇ ತಲೆ ತಗ್ಗಿಸಿದರು. ಒಬ್ಬ ಮುದುಕಿ ಮಾತ್ರ "ನಂಗೂ ಒಸಿ ಗುಣ ಆದಂಗಾಯ್ತು, ಇನ್ನೊಬ್ರು ತಿನ್ಲಿ ಅಂತ ಹಾಕ್ದೆ, ತಪ್ಪಾ?" ಎಂದಳು.

ತಪ್ಪು ಎಲ್ಲಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬೋರ್ಡಿನಲ್ಲಿ ಬಡವರಿಗೆ ಎಂದಿತ್ತು. ನಮ್ಮಲ್ಲಿ ಯಾರೂ ತಮ್ಮನ್ನು ಬಡವರು ಅಂದುಕೊಂಡಿರಲಿಲ್ಲ. ಬಡವರು ಎಂದರೆ ಬೇರೆ ಯಾರೋ, ನಮಗಿಂತ ಕಷ್ಟದಲ್ಲಿರುವವರು, ಪಾಪ. ಧರ್ಮಕ್ಕೆ ಬಂದದ್ದನ್ನು ಪೂರ್ತಿ ತಿಂದುಬಿಡುವುದಕ್ಕೆ ಅವರಿಗೆ ನಾಚಿಕೆ, ಒಂದಿಷ್ಟಾದರೂ ತಾವೂ ಕೊಟ್ಟೆವು ಎಂಬ ತೃಪ್ತಿ ಬೇಕಿತ್ತು. ಆ ಒಳ್ಳೆಯತನವೇ ನಮ್ಮವ್ವನ ಉಸಿರು ನಿಲ್ಲಿಸಲಿತ್ತು. ತಾತ ಆವತ್ತು ಊಟ ಮಾಡಲಿಲ್ಲ. ಬೋರ್ಡು ಬರೆದವನು ತಾನು ಎಂದು ಕಂಬಕ್ಕೊರಗಿ ಕೂತುಬಿಟ್ಟಿದ್ದರು. ಮಾರನೇ ದಿನ ಅಕ್ಷರಗಳನ್ನೆಲ್ಲ ಕೆರೆದು ಹೊಸದಾಗಿ ಬರೆದರು, 'ಪೂರ್ತಿ ತಿಂದು ಮುಗಿಸಿ, ಖಾಲಿ ಪಟ್ಟಿ ತಂದು ಇಲ್ಲಿ ಹಾಕಿ, ಅದೇ ನಿಮ್ಮ ಧರ್ಮ.' ಜನ ತಂದು ಹಾಕಿದರು ನೋಡಿ! ಹಬ್ಬಕ್ಕೆ ಹಣ್ಣುಕಾಯಿ ತರುವವರ ಹಾಗೆ ಖಾಲಿ ಪಟ್ಟಿಯನ್ನು ಎಲೆಯಡಿಕೆ ಚೀಲದಿಂದ ಹುಷಾರಾಗಿ ತೆಗೆದು, ತಾತ ನೋಡುತ್ತಿದ್ದಾರೆಯೇ ಎಂದು ಖಾತ್ರಿ ಮಾಡಿಕೊಂಡು ಡಬ್ಬಕ್ಕೆ ಹಾಕುವರು. "ಕಸ ಕೂಡಿಡಕ್ಕೂ ಒಂದು ಡಬ್ಬ, ಅದಕ್ಕೊಂದು ಬೋಲ್ಡು" ಎಂದು ದೊಡ್ಡವ್ವ ಗೊಣಗಿದರೂ ಅವ್ವ ದಿನಕ್ಕೆರಡು ಸಲ ಪಂಪು ಎಳೆಯುವುದನ್ನು ಎದುರಿಗೆ ನಿಂತು ನೋಡಿಯೇ ಒಳಗೆ ಹೋಗುತ್ತಿದ್ದರು. ಅಮೀರ್ ಸಾಬರು ಅವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಿ, ಹೊರಗಿನ ಗಾಳಿಯಲ್ಲಿ ನೂಲಿನ ಲಡಿ ಕಟ್ಟುವ ಕೆಲಸಕ್ಕೆ ಹಾಕಿದರು. ಈ ಜನರನ್ನು ಪಡೆದ ನಾನು ಪುಣ್ಯವಂತೆ. ಇದನ್ನು ಅವರ ಮುಂದೆ ಹೇಳಲು ನನಗೆ ಆಗ ಬುದ್ಧಿಯಿರಲಿಲ್ಲ, ಈಗ ಹೇಳೋಣವೆಂದರೆ ಅವರಿಲ್ಲ.

ರಸ್ತೆ ಅಗಲ ಮಾಡುವವರು ಬಂದು ಗೋಡೆಗೆ ಗುರುತು ಹಾಕಿದ ವರ್ಷವೇ ದೊಡ್ಡವ್ವ ತೀರಿಕೊಂಡರು. ಪಡಸಾಲೆ ಹೋಯಿತು, ಜಗಲಿ ಹೋಯಿತು, ಉಳಿದ ಹಿಂಭಾಗ ಗೋಡೆಯಿಲ್ಲದೆ ಬಯಲಿಗೆ ಬಾಯಿ ತೆರೆದುಕೊಂಡು ನಿಂತಿತ್ತು. ನಾವು ಬೇರೆ ಬೀದಿಗೆ ಹೋದೆವು. ದವಾಖಾನೆಯನ್ನು ಒಂದು ಸ್ಕೂಲಿನ ಕೋಣೆಯಲ್ಲಿ ಕೆಲವು ದಿನ ನಡೆಸಿದರು. ಡಾಕ್ಟರಮ್ಮನಿಗೂ ವಯಸ್ಸಾಯಿತು. ಮಾರ್ಕೆಟ್ಟಿನ ಬುಟ್ಟಿಯನ್ನು ಎತ್ತಿಟ್ಟವರು ಯಾರೋ ತಿಳಿಯದು. ತಾತನನ್ನು ಮಗಳು ಕನಕಪುರಕ್ಕೆ ಕರೆದುಕೊಂಡು ಹೋದಳು.

ಅವರು ತೀರಿಕೊಳ್ಳುವುದಕ್ಕೆ ನಾಲ್ಕು ತಿಂಗಳ ಮುಂಚೆ ಅವ್ವನೂ ನಾನೂ ನೋಡಲು ಹೋಗಿದ್ದೆವು. ನೆನಪು ಪೂರಾ ಕೆಟ್ಟಿತ್ತು, ಮಗಳ ಹೆಸರೂ ಬಾಯಿಗೆ ಬರುತ್ತಿರಲಿಲ್ಲ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. "ನಾನು ಜಯಮ್ಮ ಕಣಪ್ಪಾ, ಹಿಂದ್ಲ ಮನೆ ಜಯಮ್ಮ" ಎಂದಳು ಅವ್ವ. ಅವರು ಅವಳನ್ನು ನೋಡಿ, "ಡಾಕ್ಟ್ರಮ್ಮ ಇನ್ನೂ ಬಂದಿಲ್ಲ, ರೈಲು ಲೇಟು. ಕೂತ್ಕೋ" ಎಂದರು. ಅವ್ವ ಮಂಚದ ಪಕ್ಕ ನೆಲದ ಮೇಲೆ ಕೂತು ಕಾದಳು. ಸ್ವಲ್ಪ ಹೊತ್ತಾದ ಮೇಲೆ ತಾತನೇ "ಬಾ ಇತ್ಲಾಗೆ" ಎಂದು ಕರೆದು, ಅವಳನ್ನು ಮಂಚದ ಅಂಚಿಗೆ ಕೂರಿಸಿ ಬೆನ್ನ ಮೇಲೆ ಅಂಗೈ ಇಟ್ಟರು. ಅಷ್ಟು ವರ್ಷ ದವಾಖಾನೆ ನಡೆಸಿದವರು ಒಬ್ಬರ ನಾಡಿಯನ್ನೂ ಹಿಡಿದವರಲ್ಲ, ಅದು ಡಾಕ್ಟರ ಕೆಲಸ ಎಂದು ದೂರ ಇರುತ್ತಿದ್ದವರು. "ಉಸ್ರು ಎಳ್ಕೊ ತಾಯಿ" ಎಂದರು. ಅವ್ವ ಎಳೆದುಕೊಂಡಳು. "ಬುಡು." ಬಿಟ್ಟಳು. "ಇನ್ನೊಂದ್ಸಲ." ಅವ್ವನ ಕಣ್ಣಿಂದ ನೀರು ಇಳಿಯುತ್ತಿತ್ತು, ಉಸಿರು ಮಾತ್ರ ಎಲ್ಲೂ ತಡೆಯಲಿಲ್ಲ. ತಾತ ತಲೆ ಬಗ್ಗಿಸಿ, ಅಂಗೈಯಿಂದಲೇ ಕೇಳಿಸಿಕೊಂಡರು. "ಏನೂ ಇಲ್ಲ, ಚೆನ್ನಾಗೈತೆ" ಎಂದರು. "ಹೋಗ್ ಬಾ. ಆಚೆ ಕಾಯ್ತಿರೋರ್ನ ಕಳ್ಸು."

ಬಾಗಿಲಲ್ಲಿ ನಾನೊಬ್ಬಳೇ ನಿಂತಿದ್ದೆ. ಒಳಗೆ ಹೋಗಿ, ಅವರಿಗೆ ಬೆನ್ನು ಮಾಡಿ ಮಂಚದ ಅಂಚಿಗೆ ಕೂತೆ.