ಸೊಂಟಕ್ಕೆ ಕಟ್ಟುವ ಪಿಸ್ತೂಲು

ಸೈನ್ಯದಿಂದ ನಿವೃತ್ತನಾಗಿ ಊರಿಗೆ ಬಂದಮೇಲೆ ಹನ್ನೊಂದು ವರ್ಷದಿಂದ ಬೈಲಹೊಂಗಲದ ಒಂದು ಬಂಗಾರದ ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದೇನೆ. ಕೆಲಸವೆಂದರೆ ನಿಲ್ಲುವುದು, ಅಷ್ಟೇ. ಎಡ ಭುಜದ ಮೇಲೆ ನನ್ನದೇ ಲೈಸನ್ಸಿನ ಜೋಡುನಳಿಗೆ ಬಂದೂಕು. ನಮ್ಮೂರು ಸಂಗೊಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ಅದನ್ನು ಚೀಲಕ್ಕೆ ಹಾಕಿ ಮೊಣಕಾಲ ನಡುವೆ ಹಿಡಿದಿರುತ್ತೇನೆ. ಪಕ್ಕದ ಸೀಟು ಎಷ್ಟೋ ಸಲ ಖಾಲಿಯೇ ಇರುತ್ತದೆ.

ಹೋದ ವರ್ಷ ಆ ಭುಜ ಹಿಡಿದುಕೊಂಡಿತು. ಅಂಗಿ ತೊಡಲು ಕೈ ಮೇಲೇಳುತ್ತಿರಲಿಲ್ಲ. ಡಾಕ್ಟರು ಭಾರ ಹೊರುವುದು ಬಿಡಬೇಕೆಂದರು. ಹೆಂಡತಿ ಎಣ್ಣೆ ತಿಕ್ಕುತ್ತ, "ಪೊಲೀಸರು ಸೊಂಟಕ್ಕ ಕಟ್ಟಿರತಾರಲ್ರಿ, ಅಂಥಾ ಸಣ್ಣದೊಂದು ತಗೋರಿ" ಅಂದಳು. ಹೊಸ ಪಿಸ್ತೂಲಿನ ಬೆಲೆ ನನ್ನ ಕೈಗೆ ಎಟಕುವಂಥದ್ದಲ್ಲ. ಬೆಳಗಾವಿಯ ಬಂದೂಕಿನ ಅಂಗಡಿಯಲ್ಲಿ ವಿಚಾರಿಸಿದಾಗ, ಸವದತ್ತಿಯಲ್ಲೊಬ್ಬರು ಪಿಸ್ತೂಲು ಕೊಟ್ಟು ಬಂದೂಕು ತೆಗೆದುಕೊಳ್ಳಬೇಕೆಂದಿದ್ದಾರೆ ಎಂದು ಗೊತ್ತಾಯಿತು.

ಅವರು ಹಳೆಯ ಹತ್ತಿ ವ್ಯಾಪಾರಿ, ಎಪ್ಪತ್ತರ ಸಮೀಪದ ಸಾಬರು. ನಾನು ಅವರನ್ನು ಚಾಚಾ ಅಂದೆ, ಅವರು ನನ್ನನ್ನು ಮಿಲ್ಟ್ರಿಯವ್ರ ಅಂದರು. ವ್ಯಾಪಾರ ಬಿಟ್ಟು ಚಚಡಿಯ ಕಡೆ ಹೊಲ ಮಾಡಿಸುತ್ತಿದ್ದರು. ಗೋವಿನಜೋಳಕ್ಕೆ ಕಾಡುಹಂದಿಯ ಕಾಟ. "ಇದರ ಆವಾಜಿಗೆ ಹಂದಿ ಅಲ್ರಿ, ಬೆಕ್ಕೂ ಹೆದರೂದಿಲ್ಲ" ಎನ್ನುತ್ತ ಕಪಾಟಿನಿಂದ ಪಿಸ್ತೂಲು ತೆಗೆದುಕೊಟ್ಟರು.

ಮ್ಯಾಗಜಿನ್ ಕಳಚಿ, ಒಳಗೆ ಗುಂಡಿಲ್ಲವೆಂದು ಎರಡು ಸಲ ನೋಡಿ, ಕಿಟಕಿಯ ಬೆಳಕಿಗೆ ಹಿಡಿದೆ. ನಳಿಗೆಯ ಒಳಗಿನ ಗೆರೆಗಳು ಹೊಸದರಂತೆಯೇ ಚೂಪಾಗಿದ್ದವು. ಹಾರಿಸಿದ್ದು ತೀರ ಕಡಿಮೆ. ಹೊರಗೆ ಮಾತ್ರ ಒಂದು ಮಗ್ಗುಲಿನ ಕಪ್ಪು ಬಣ್ಣ ಬೆಲ್ಟಿಗೆ ಉಜ್ಜಿ ಉಜ್ಜಿ ಹೋಗಿತ್ತು. ವರ್ಷಗಟ್ಟಲೆ ಗುಂಡು ತುಂಬಿಯೇ ಇಟ್ಟಿದ್ದಕ್ಕೆ ಮ್ಯಾಗಜಿನ್ನಿನ ಸ್ಪ್ರಿಂಗು ಸೋತಿತ್ತು. ನಂಬರು ಲೈಸನ್ಸಿಗೆ ತಾಳೆಯಾಯಿತು.

"ಎಷ್ಟು ಬಾಳತದ?" ಎಂದು ಚಾಚಾ ಕೇಳಿದರು.

"ಸ್ಪ್ರಿಂಗ್ ಬದಲಿ ಮಾಡಿದ್ರ ನನ್ನ ಬಂದೂಕಿನಕಿಂತ ಹೆಚ್ಚ ಬಾಳತೈತ್ರಿ."

ಸುಳ್ಳು ಹೇಳಬಹುದಿತ್ತು. ನನ್ನ ಬಂದೂಕಿನ ಹಿಡಿ ಸೀಳಿತ್ತು, ಅದಕ್ಕೆ ಹಿತ್ತಾಳೆ ತಂತಿ ಸುತ್ತಿದ್ದೆ. ಅವರು ಆ ತಂತಿಯ ಮೇಲೆ ಬೆರಳಾಡಿಸಿದರು. "ಹಂದಿ ತಂತಿ ನೋಡೂದಿಲ್ಲ ಬಿಡ್ರಿ. ಸಮಾ ಸಮಾ ಬದಲಿ ಮಾಡೋಣು" ಅಂದರು. ಇಬ್ಬರಿಗೂ ಚೌಕಾಸಿ ಮಾಡುವ ತ್ರಾಣವಿರಲಿಲ್ಲ.

ಹೀಗೆ ಬದಲಿ ಮಾಡಿಕೊಳ್ಳಲು ಸರ್ಕಾರದ ಒಪ್ಪಿಗೆ ಬೇಕು. ಮಳೆಗಾಲವೆಲ್ಲ ಬೆಳಗಾವಿಗೆ ಅಲೆದೆವು. ಒಂದು ಸಲ ಫೋಟೊ, ಒಂದು ಸಲ ಠಾಣೆಯ ವರದಿ, ಇನ್ನೊಂದು ಸಲ ಸಾಹೇಬರೇ ಇಲ್ಲ. ಕಚೇರಿಯ ಮೆಟ್ಟಿಲ ಮೇಲೆ ಚಾಚಾ ಡಬ್ಬಿ ಬಿಚ್ಚಿ ಚಪಾತಿ ಕೊಡುತ್ತಿದ್ದರು. ಕೊನೆಗೆ ಒಪ್ಪಿಗೆ ಬಂತು. ಆಗಲೇ ನಾನು ಅಂಗಡಿಯ ಮಾಲಕರಿಗೆ ವಿಷಯ ತಿಳಿಸಿದ್ದು.

ಅವರು ತಕ್ಕಡಿಯಿಂದ ತಲೆಯೆತ್ತಲಿಲ್ಲ. "ಅಣ್ಣಾರ, ಸೊಂಟದಾಗ ಇದ್ದದ್ದು ಯಾರಿಗೆ ಕಾಣಸ್ತೈತಿ? ರಸ್ತಾದ ಆಚಿಂದ ಬಂದೂಕು ಕಾಣಬೇಕು. ನಾ ಪಗಾರ ಕೊಡೂದ ಅದಕ್ಕ."

ನಳಿಗೆ ನೋಡಿದ್ದೆ, ಸ್ಪ್ರಿಂಗು ನೋಡಿದ್ದೆ, ನಂಬರು ನೋಡಿದ್ದೆ. ಇದೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಗುಂಡೂ ಹಾರಿಸದ ಆ ಬಂದೂಕಿಗೇ ಪಗಾರ. ನಾನು ಅದನ್ನು ತೂಗುಹಾಕುವ ಗೂಟ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸುಸ್ತಾಯಿತು.

ರಜೆಯ ದಿನ ಸವದತ್ತಿಗೆ ಹೋದೆ. ಅವರನ್ನು ಸುಮ್ಮನೆ ಅಲೆದಾಡಿಸಿದೆನೆಂಬ ನಾಚಿಕೆಯಿಂದಲೇ ಮಾಲಕರ ಮಾತು ತಿಳಿಸಿ, ಬದಲಿ ಆಗುವುದಿಲ್ಲವೆಂದು ಹೇಳಿದೆ. ಚಾಚಾ ಚಹಾದ ಕಪ್ಪು ಕೆಳಗಿಟ್ಟರು.

"ಗೋವಿನಜೋಳದ ರಾಶಿ ಮುಗೀತ್ರಿ. ಹಂದಿ ತಿನ್ನೂದು ತಿಂದು ಹೋದವು." ಕಪಾಟಿನ ಕಡೆ ಕೈ ತೋರಿಸಿ ಮುಂದುವರಿಸಿದರು. "ರೊಕ್ಕಾ ಹಿಡಕೊಂಡು ಇಪ್ಪತ್ತು ವರ್ಷ ಹಳ್ಳಿ ಹಳ್ಳಿ ಹತ್ತಿ ಖರೀದಿ ಮಾಡೇನಿ. ಅಂಗಿ ಒಳಗ ಪಿಸ್ತೂಲು ಐತಿ ಅಂತ ಕಳ್ಳಗ ಗೊತ್ತಿರಲಿಲ್ಲ. ನನಗಷ್ಟ ಗೊತ್ತಿತ್ತು. ಅದಕ್ಕ ನನಗಷ್ಟ ಹೆದರಿಕಿ ಇತ್ತು." ಆಮೇಲೆ ನನ್ನ ಭುಜ ನೋಡಿದರು. "ಖರೇ ಹೇಳ್ರಿ ಮಿಲ್ಟ್ರಿಯವ್ರ, ನಿಮಗ ಬೇಕಾಗಿದ್ದು ಪಿಸ್ತೂಲೋ, ಕುಂದ್ರಾಕ ಒಂದು ಜಾಗಾನೋ?"

ಬಸ್ಸಿನಲ್ಲಿ ಬರುತ್ತ ಆ ಮಾತನ್ನೇ ಯೋಚಿಸಿದೆ. ಇಷ್ಟು ವರ್ಷದಲ್ಲಿ ಯಾರ ಹತ್ತಿರವೂ ನಾನು ಒಂದು ಕುರ್ಚಿ ಕೇಳಿರಲಿಲ್ಲ. ನಿಲ್ಲುವುದೇ ಕೆಲಸ ಅಂದುಕೊಂಡಿದ್ದೆ.

ಮರುದಿನ ಕೇಳಿದೆ. ಮಾಲಕರು ಸ್ವಲ್ಪ ಯೋಚಿಸಿ, "ಮಧ್ಯಾಹ್ನ ಗಿರಾಕಿ ಕಡಿಮಿ ಇದ್ದಾಗ ಕುಂದರ್ರಿ. ಬಂದೂಕು ಮಾತ್ರ ಕಾಣೂ ಹಂಗ ಹಿಡೀರಿ" ಅಂದರು. ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು.

ಚಾಚಾ ಪಿಸ್ತೂಲನ್ನು ಬೆಳಗಾವಿಯ ಅಂಗಡಿಗೇ ಮಾರಿ ಲೈಸನ್ಸನ್ನೂ ಒಪ್ಪಿಸಿಬಿಟ್ಟರಂತೆ. ಫೋನಿನಲ್ಲಿ, "ಈಗ ನಿದ್ದಿ ಹತ್ತಾಕತ್ತೈತ್ರಿ" ಅಂದರು. ನನ್ನ ಭುಜ ಪೂರ್ತಿ ವಾಸಿಯಾಗಿಲ್ಲ. ಮಧ್ಯಾಹ್ನ ಎರಡಕ್ಕೆ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ, ನಾಲ್ಕಕ್ಕೆ ಮತ್ತೆ ಏಳುತ್ತೇನೆ.