ಬಾಲ ಮರಳಿ ತಂದ ಹಲ್ಲಿ

ಆಗ ನನಗೆ ಹದಿನಾಲ್ಕು ವರ್ಷ. ಅದಾಗಿ ಅರವತ್ತು ವರ್ಷದ ಮೇಲಾಯಿತು. ನಿಜಾಮರ ರಾಜ್ಯ ಮುಗಿಯಲು ಇನ್ನೂ ನಾಲ್ಕೈದು ವರ್ಷ ಇತ್ತು. ನಾನು ಕುಷ್ಟಗಿಯ ಮನೆಗೆ ಸೊಸೆಯಾಗಿ ಬಂದು ಎಂಟು ತಿಂಗಳಾಗಿತ್ತು. ಗಂಡ ಭತ್ತದ ನಾಟಿ ಕೆಲಸಕ್ಕೆಂದು ಗಂಗಾವತಿ ಕಡೆ ಹೋಗಿದ್ದ. ಮನೆಯಲ್ಲಿ ಉಳಿದವರು ಅತ್ತೆ, ಎಂಟು ವರ್ಷದ ನಾದಿನಿ, ನಾನು. ಅತ್ತೆ ಕೆಲಸ ಹೇಳಲು ಮಾತ್ರ ಬಾಯಿ ತೆರೆಯುತ್ತಿದ್ದಳು. ಉಳಿದ ಹೊತ್ತು ನಾನು ಬೀಸುಕಲ್ಲಿನ ಜೊತೆ ಮಾತಾಡುತ್ತಿದ್ದೆ ಎಂದರೆ ಸುಳ್ಳು. ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ನಾಗರ ಪಂಚಮಿ ಹತ್ತಿರ ಬಂತು. ಓಣಿಯ ಸೊಸೆಯಂದಿರನ್ನೆಲ್ಲ ತವರಿನವರು ಬಂದು ಕರೆದುಕೊಂಡು ಹೋದರು. ನನ್ನ ಅಪ್ಪ, ಅವ್ವ ಪ್ಲೇಗಿನಲ್ಲಿ ಸತ್ತಿದ್ದರು. ಸಾಕಿದ ಅಜ್ಜಿಗೆ ಕಣ್ಣು ಮಂಜಾಗಿತ್ತು. ಅವಳ ಹಳ್ಳಿ ಯಲಬುರ್ಗಾ ದಾರಿಯಲ್ಲಿ ಅರ್ಧ ದಿನದ ನಡಿಗೆ. ಅವಳು ಬರಲಾರಳು. ಕರೆಯಲು ಯಾರೂ ಬರದೆ ಸೊಸೆ ತವರಿಗೆ ಹೋಗುವ ಪದ್ಧತಿ ಇರಲಿಲ್ಲ. ಅಜ್ಜಿಯನ್ನು ನೋಡಬೇಕಿತ್ತು, ಆದರೆ ಅತ್ತೆಯ ಎದುರು ನನಗೆ ಬಾಯಿ ಬಿಡಲು ಆಗುತ್ತಿರಲಿಲ್ಲ.

ನಾದಿನಿ ಉರ್ದು ಸಾಲೆಗೆ ಹೋಗುತ್ತಿದ್ದಳು. ಒಂದು ದಿನ ಗೆಳತಿಯ ಹತ್ತಿರ ಚಿತ್ರದ ಪುಸ್ತಕ ಕೇಳಿ ತಂದಳು, ನಾನು ಬೀಸುತ್ತಿದ್ದಲ್ಲೇ ಬಿಟ್ಟು ಆಡಲು ಓಡಿದಳು. ದೊಡ್ಡ ಪ್ರಾಣಿ ತಿನ್ನಲು ಬಂದಾಗ ಸಣ್ಣ ಪ್ರಾಣಿ ಹೇಗೆ ಜೀವ ಉಳಿಸಿಕೊಳ್ಳುತ್ತದೆ ಎಂದು ತೋರಿಸುವ ಪುಸ್ತಕ. ಅದು ನನಗೆ ಆಮೇಲೆ ತಿಳಿಯಿತು. ಆಗ ನನಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಈಗ ಬರೆಯುವಷ್ಟು ಬಂದದ್ದು ಮೊಮ್ಮಕ್ಕಳ ಪಾಟಿಯಿಂದ. ನಮ್ಮೂರ ಮಠದಲ್ಲಿ ಪುರಾಣ ಓದುವವರು ಎಡಗಡೆಯಿಂದ ಹಾಳೆ ತೆರೆಯುವುದನ್ನು ನೋಡಿದ್ದೆ. ಹಾಗೇ ತೆರೆದೆ.

ಮೊದಲು ಒಂದು ಬೆಕ್ಕು. ಅದರ ಬಾಯಲ್ಲಿ ಹಲ್ಲಿಯ ಬಾಲ, ಮೋಟು ಹಲ್ಲಿ ಗೋಡೆಯ ಮೇಲೆ. ಹಾಳೆ ತಿರುವಿದರೆ ಹಲ್ಲಿಗೆ ಪೂರ್ತಿ ಬಾಲ ಇದೆ, ಬೆಕ್ಕು ದೂರ ಕೂತು ನೋಡುತ್ತಿದೆ. ಹೋಗಿ ಕಿತ್ತುಕೊಂಡು ಬಂತಲ್ಲ! ನಮ್ಮ ಮನೆಯ ಹಲ್ಲಿಗಳಿಗೆ ಇಷ್ಟು ಧೈರ್ಯ ಇಲ್ಲ ಎಂದುಕೊಂಡೆ. ಮುಂದೆ ಆಮೆ. ಚಿಪ್ಪಿನೊಳಗೆ ಮುದುಡಿಕೊಂಡಿದೆ, ನರಿ ಅದರ ಮೇಲೇ ಬಗ್ಗಿ ನಿಂತಿದೆ. ತಿರುವಿದರೆ ಆಮೆ ಕತ್ತು ಚಾಚಿ ನಡೆಯುತ್ತಿದೆ, ನರಿ ಬೇಲಿಯ ಆಚೆ. ಮುಳ್ಳುಹಂದಿಯದೂ ಅದೇ ಕತೆ.

ಮುದುಡಿ ಕೂತಷ್ಟು ಹೊತ್ತೂ ನರಿ ಹೋಗುವುದಿಲ್ಲ, ಹೊರಗೆ ಬಂದರೆ ಹೋಗುತ್ತದೆ. ಪುಸ್ತಕದಲ್ಲಿ ಹಾಕಿದ್ದು ಸುಳ್ಳಿರಲಿಕ್ಕಿಲ್ಲ. ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಹೋದೆ. ಅತ್ತೆ ಶೇಂಗಾ ಸುಲಿಯುತ್ತಿದ್ದಳು.

“ಅತ್ತೀ, ನಾ ಪಂಚಮಿಗೆ ನಮ್ಮೂರಿಗೆ ಹೋಗ್ತೀನ್ರಿ.”

ಅವಳ ಕೈ ನಿಂತಿತು. “ಅಬಬಬ, ಬಾಯಿ ಐತೇನವಾ ನಿನಗ! ಮೂಗೀನ್ನ ತಂದೀನಿ ಅಂತ ತಿಳಕೊಂಡಿದ್ದೆ. ಕರಿಯಾಕ ಯಾರ್ ಬಂದಾರ?”

“ಯಾರೂ ಬಂದಿಲ್ರಿ. ಬರವ್ರೂ ಇಲ್ಲ. ನಾನ ನಡಕೊಂತ ಹೋಗ್ತೀನಿ.”

“ಅತ್ತಿ ಹೊರಗ ಹಾಕ್ಯಾಳ ಅಂತಾರ ಓಣ್ಯಾಗ. ನನ್ನ ಮಾರಿಗೆ ಉಗುಳ್ತಾರ.”

“ಅನ್ನವ್ರ ಬಾಯಿಗೆ ಒಂದೊಂದು ಪಂಚಮಿ ಉಂಡಿ ಹಾಕ್ರಿ.”

ಹಾಗೆ ಅಂದದ್ದು ನಾನೇ ಏನು ಎಂದು ನನಗೇ ಅನಿಸಿತು. ಅತ್ತೆ ನಗಲಿಲ್ಲ. ಮಡಿಲಿನ ಶೇಂಗಾ ಸಿಪ್ಪೆ ಕೊಡವಿದಳು. “ಹೋಗು. ನಾಲ್ಕ ದಿನ. ಐದನೇ ದಿನ ಬರ್ಲಿಲ್ಲಂದ್ರ ಅಲ್ಲೇ ಇರು” ಎಂದಳು.

ಸಂಜೆ ನಾದಿನಿಗೆ ಆ ಹಲ್ಲಿಯ ಧೈರ್ಯ ತೋರಿಸಿದೆ. ಅವಳು ಬಿದ್ದು ಬಿದ್ದು ನಕ್ಕಳು.

“ವೈನೀ, ಉಲ್ಟಾ ನೋಡೀರಿ ನೀವು! ಉರ್ದು ಪುಸ್ತಕ ಬಲಗಡಿಂದ ತೆರೀಬೇಕು. ಮೊದ್ಲ ನರಿ ಬರ್ತೈತಿ, ಆಮ್ಯಾಗ ಆಮಿ ಒಳಗ ಹೋಗ್ತೈತಿ.”

“ಮತ್ತ ಹಲ್ಲಿ?”

“ಬಾಲ ಬಿಟ್ಟು ಓಡ್ತೈತಿ. ಹೋದ ಬಾಲ ಬೆಕ್ಕು ತಿರುಗಿ ಕೊಡ್ತೈತೇನು?”

ಅವಳು ಹೋದ ಮೇಲೆ ನಾನೊಬ್ಬಳೇ ಕೂತು ಬಲಗಡೆಯಿಂದ ಇನ್ನೊಮ್ಮೆ ನೋಡಿದೆ. ಅವಳು ಹೇಳಿದ್ದೇ ಸರಿ. ಒಂದು ಅಡಗುತ್ತದೆ, ಒಂದು ಓಡುತ್ತದೆ, ಎದುರು ಹೋದದ್ದು ಒಂದೂ ಇಲ್ಲ. ಮೊದಲೇ ಹೀಗೆ ನೋಡಿದ್ದರೆ ನಾನು ಪಡಸಾಲೆಗೆ ಹೋಗುತ್ತಲೇ ಇರಲಿಲ್ಲ. ಈಗ ಹೆದರಿಕೆ ಶುರುವಾಯಿತು. ಹೋಗುವುದಿಲ್ಲ ಎಂದು ಅತ್ತೆಗೆ ಹೇಳಲು ಇನ್ನೂ ಹೊತ್ತಿತ್ತು. ಊಟ ಮಾಡಿ, ತಾಟು ತೊಳೆದಿಟ್ಟು, ಆ ಮಾತು ಹೇಳದೆ ಮಲಗಿದೆ.

ಮರುದಿನ ಬೆಳಗ್ಗೆ ಕಸ ಹೊಡೆದು, ನೀರು ತುಂಬಿಟ್ಟು, ಎರಡು ರೊಟ್ಟಿ ಸೆರಗಿನಲ್ಲಿ ಕಟ್ಟಿಕೊಂಡು ಯಲಬುರ್ಗಾ ದಾರಿ ಹಿಡಿದೆ.