ಮೊಮ್ಮಕ್ಕಳಿಗೊಂದು ಮರಳುತೊಟ್ಟಿ

ಬೀದಿಯ ಕೊನೆಯಲ್ಲಿರುವ ಮರದ ಮಿಲ್ಲಿನ ಗರಗಸ ಬೆಳಿಗ್ಗೆ ಮೊದಲು ಕೆಮ್ಮುತ್ತದೆ, ಆಮೇಲೆ ಕಿರುಚುತ್ತದೆ. ಆ ದನಿ ಕಿವಿಗೆ ಬಿದ್ದರೆ ಸಾಕು, ಸೀಳುತ್ತಿರುವುದು ಹಸಿ ಮರವೋ ಒಣ ಮರವೋ ಎಂದು ಬಡಗಿ ಹಾಸಿಗೆಯಲ್ಲೇ ಮಗ್ಗುಲು ಬದಲಿಸುತ್ತ ಹೇಳಿಬಿಡುತ್ತಿದ್ದ.

"ಇವತ್ತು ಹಸಿದನ್ನೇ ಕೊಯ್ತಿದ್ದಾನೆ, ಕಳ್ಳ."

"ನಿಮ್ಮನ್ನಂತೂ ಕೊಯ್ತಿಲ್ವಲ್ಲ, ಏಳಿ ಮೇಲೆ," ಎನ್ನುವಳು ಹೆಂಡತಿ.

ಬಾಗಿಲು ಕಿಟಕಿಗಳ ಚೌಕಟ್ಟು ಮಾಡುವುದರಲ್ಲಿ ಅವನದು ಎತ್ತಿದ ಕೈ. ಬೀದಿಯವರು ಅವನನ್ನು ಕರೆಯುತ್ತಿದ್ದದ್ದೂ ಚೌಕಟ್ಟು ಎಂದೇ. ಕುರ್ಚಿ ಮಾಡಿಕೊಡು, ಮಂಚ ಮಾಡಿಕೊಡು ಎಂದು ಯಾರಾದರೂ ಬಂದರೆ ಮೂಗು ಮುರಿಯುತ್ತಿದ್ದ. ಬೇಜಾರಾದರೆ ಕುರ್ಚಿ ಬಿಸಾಡುತ್ತಾರೆ, ಬಾಗಿಲ ಚೌಕಟ್ಟನ್ನು ಯಾರಾದರೂ ಬಿಸಾಡಿದ್ದು ಕಂಡಿದ್ದೀರಾ ಎಂದು ಕೇಳುತ್ತಿದ್ದ.

ಒಬ್ಬಳೇ ಮಗಳು ಎರಡನೆಯ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅಂಥ ಮಾತುಗಳು ಅವನ ಬಾಯಲ್ಲಿ ಕಡಿಮೆಯಾದವು. ಅಳಿಯ ಮತ್ತೆ ಮದುವೆಯಾದ. ಕೆಟ್ಟವನೇನಲ್ಲ. ಆಗಾಗ ಭಾನುವಾರ ಮಕ್ಕಳಿಬ್ಬರನ್ನೂ ಕರೆತಂದು, ಗಡಿಯಾರ ನೋಡಿಕೊಳ್ಳುತ್ತ ಕೂತಿದ್ದು, ಕತ್ತಲಾಗುವ ಮೊದಲೇ ಹೊರಟುಬಿಡುತ್ತಿದ್ದ. ಮಕ್ಕಳು ಹೊಸಬಳನ್ನು ಅಮ್ಮ ಎನ್ನುತ್ತಿದ್ದವು. ಅದು ಸರಿಯೇ, ಪಾಪ, ಅವಳೂ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಳು. ಆದರೆ ಮೊಮ್ಮಗ ಬಡಗಿಯನ್ನು ನೋಡಿದ ಕೂಡಲೇ ಅಪ್ಪನ ಕಾಲಿನ ಹಿಂದೆ ಅವಿತುಕೊಳ್ಳುತ್ತಿದ್ದ. ಹೊರಡುವ ಹೊತ್ತಿಗೆ ಸ್ವಲ್ಪ ಸಲಿಗೆ ಬಂದಿರುತ್ತಿತ್ತು. ಮುಂದಿನ ಸಲಕ್ಕೆ ಅದು ಮತ್ತೆ ಮರೆತಿರುತ್ತಿತ್ತು.

ಆ ವರ್ಷ ಅಳಿಯನಿಗೆ ದೂರದ ಊರಿಗೆ ವರ್ಗವಾಯಿತು. ಶಾಲೆಗೆ ರಜ ಮುಗಿಯುತ್ತಿದ್ದಂತೆ ಎಲ್ಲರೂ ಹೊರಡುವವರು.

"ಅದಕ್ಕೆ ಮುಂಚೆ ಒಂದು ವಾರ ಮಕ್ಕಳನ್ನ ನಮ್ಮ ಹತ್ರ ಬಿಡಿ," ಎಂದು ಬಡಗಿ ಕೇಳಿದ. ಕೇಳುವುದಕ್ಕೆ ಮೊದಲು ಒಳಗೊಳಗೇ ಎಷ್ಟು ಸಲ ಹೇಳಿ ನೋಡಿಕೊಂಡಿದ್ದನೋ.

"ಇಲ್ಲಿ ಏನು ಮಾಡ್ತಾರೆ ಮಾವ? ಅರ್ಧ ದಿನಕ್ಕೇ ಮನೆಗೆ ಹೋಗೋಣ ಅಂತ ರಾಗ ತೆಗೀತಾರೆ. ಮುಂದಿನ ಭಾನುವಾರ ಬರ್ತೀವಲ್ಲ, ಅವರಿಗೆ ಹಿಡಿಸಿದ್ರೆ ನೋಡೋಣ."

ಹಿಡಿಸಿದರೆ! ಬಡಗಿ ಆ ಒಂದು ಮಾತನ್ನೇ ಕಚ್ಚಿಕೊಂಡ. ಶಾಲೆಯಲ್ಲೊಂದು ಮರಳುತೊಟ್ಟಿ ಇದೆ, ಆದರೆ ದೊಡ್ಡ ಮಕ್ಕಳು ಇಳಿಯಲು ಬಿಡುವುದಿಲ್ಲ ಎಂದು ಮೊಮ್ಮಗಳು ಯಾವತ್ತೋ ದೂರು ಹೇಳಿದ್ದಳು. ಮರುದಿನವೇ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದ.

ಅಟ್ಟದಲ್ಲಿ ಯಾರಿಗೂ ಕೊಡದೆ ಇಟ್ಟಿದ್ದ ಹಲಗೆಗಳು ಕೆಳಗಿಳಿದವು. ಕೀಸುಳಿ ಎಳೆದಂತೆಲ್ಲ ಸುರುಳಿ ಸುರುಳಿಯಾಗಿ ಹೊಟ್ಟು ಬಿತ್ತು. ಮೂಲೆ ಮೂಲೆಗೂ ಹಲ್ಲು ಕೊರೆದು ಒಂದಕ್ಕೊಂದು ಕೂರಿಸಿದ. ಮಕ್ಕಳ ಕೈಗೆ ತಾಗುವಂತೆ ಒಂದು ಮೊಳೆಯ ತಲೆಯೂ ಹೊರಗೆ ಕಾಣಬಾರದು. ಅಂಚುಗಳನ್ನು ಉಜ್ಜಿ ಉಜ್ಜಿ ತನ್ನ ಕೆನ್ನೆಗೇ ಒತ್ತಿ ನೋಡಿಕೊಂಡ. ಕೂರುವುದಕ್ಕೆ ಎರಡು ಕಡೆ ಪಟ್ಟಿ, ಮೇಲೆ ಮುಚ್ಚಲು ಒಂದು ಮುಚ್ಚಳ.

"ಮುಚ್ಚಳ ಗಟ್ಟಿಯಾಗಿರ್ಲಿ," ಎಂದಳು ಹೆಂಡತಿ. "ಇಲ್ಲಾಂದ್ರೆ ಬೀದಿ ಬೆಕ್ಕಿಗೆಲ್ಲ ಕಕ್ಕಸು ಕಟ್ಟಿಕೊಟ್ಟ ಪುಣ್ಯ ನಿಮಗೇ."

ಮರಳನ್ನು ಜರಡಿ ಹಿಡಿದು, ಬಕೆಟ್ಟುಗಟ್ಟಲೆ ನೀರಲ್ಲಿ ತೊಳೆದು ಹರಡಿದವಳು ಅವಳೇ. ಮಂಡಿ ಹಿಡಿದುಕೊಂಡಿತ್ತು, ಆದರೂ ಬಾಯಿಬಿಡಲಿಲ್ಲ. ಇಬ್ಬರೂ ಮಗಳ ಹೆಸರೆತ್ತದೆ ಇಡೀ ವಾರ ಮಗಳ ವಿಷಯವನ್ನೇ ಮಾತಾಡಿದಂತಿತ್ತು.

ಭಾನುವಾರ ಬಂತು. ಮೊಮ್ಮಗಳು ತೊಟ್ಟಿ ನೋಡಿ ಚಪ್ಪಲಿ ಎಲ್ಲಿ ಬಿದ್ದವೆಂಬುದನ್ನೂ ನೋಡದೆ ಜಿಗಿದಳು. ತಮ್ಮನೂ ಹಿಂದೆಯೇ. ಅಪ್ಪನ ಕಾಲು ಅವನಿಗೆ ಮರೆತೇಹೋಯಿತು.

"ಇದು ಯಾರದು?" ಎಂದು ಕೇಳಿದ.

"ನಿಂದೇ ಕಣೋ."

"ಇಡೀದು?"

"ಇಡೀದು. ನಿಮ್ಮಕ್ಕನಿಗೆ ಬೇಕಾದ್ರೆ ಬಾಡಿಗೆಗೆ ಕೊಡು."

ಅಳಿಯ ನಕ್ಕ. ಬಹಳ ಕಾಲದ ಮೇಲೆ ಆ ಮನೆಯಲ್ಲಿ ಅವನು ನಕ್ಕಿದ್ದ. ಗಡಿಯಾರ ನೋಡಲಿಲ್ಲ. ಮಧ್ಯಾಹ್ನದ ಊಟವಾಗಿ ಮಕ್ಕಳು ಮತ್ತೆ ತೊಟ್ಟಿಗಿಳಿದ ಮೇಲೆ, "ಬಟ್ಟೆಯ ಬ್ಯಾಗು ಕಾರಲ್ಲೇ ಇದೆ ಮಾವ. ಒಂದು ವಾರ ಇರ್ಲಿ ಬಿಡಿ," ಎಂದ. ಬಡಗಿಯ ಹೆಂಡತಿ ಲೋಟ ತರುವ ನೆಪದಲ್ಲಿ ಒಳಗೆ ಹೋದವಳು ಎಷ್ಟು ಹೊತ್ತಾದರೂ ಲೋಟ ತರಲಿಲ್ಲ.

ಬಿಸಿಲು ಹಿತ್ತಲಿಗೆ ತಿರುಗಿತು. ಕಾದ ಹಲಗೆಯಿಂದ ಒಂದು ವಾಸನೆ ಎದ್ದಿತು. ಸೀಮೆಎಣ್ಣೆಯಂಥದು, ಸ್ವಲ್ಪ ಕಹಿ. ಬಡಗಿಗೆ ಅದು ಹೊಸದಲ್ಲ, ಅವನ ಅಂಗಿಗಳಿಗೆಲ್ಲ ಅದೇ ವಾಸನೆ. ಗೆದ್ದಲ ಔಷಧಿ.

ಅವನು ಬಗ್ಗಿ ಹಲಗೆಯನ್ನು ಮೂಸಿ ನೋಡಿದ.

ಚೌಕಟ್ಟಿನ ಕೆಲಸದಲ್ಲಿ ಮಣ್ಣಿಗೆ, ಗೋಡೆಗೆ ತಾಗುವ ಮೈಗೆಲ್ಲ ಔಷಧಿ ಬಳಿಯಬೇಕು. ಆ ಮೈ ಗೋಡೆಯೊಳಗೆ ಸೇರಿಹೋಗುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಹಲಗೆಗಳನ್ನು ಜೋಡಿಸುವ ಮೊದಲು ಅವನು ಹೆಂಡತಿಯ ಜೊತೆ ಹರಟುತ್ತ ಬ್ರಷ್ಷು ಎತ್ತಿಕೊಂಡಿದ್ದ. ಮರಳು ತಾಗುವ ಮೈ ಯಾವುದೆಂದು ಕೈಯೇ ಹುಡುಕಿಕೊಂಡಿತ್ತು. ಒಳಮೈಗೆಲ್ಲ ಎರಡೆರಡು ಸಲ ಬಳಿದಿತ್ತು.

"ತಾತಾ, ಊಟಕ್ಕೆ ಬಾ," ಎಂದಳು ಮೊಮ್ಮಗಳು. ಒದ್ದೆ ಮರಳನ್ನು ಹಲಗೆಗೆ ಒತ್ತಿ ಒತ್ತಿ ಉಂಡೆ ಮಾಡಿದ್ದಳು. ತಮ್ಮ ತನ್ನ ಪಾಲಿನದನ್ನು ನಿಜವಾಗಿಯೂ ಬಾಯಿಗಿಟ್ಟುಕೊಂಡಿದ್ದ. ತುಟಿಯ ಸುತ್ತ ಮರಳು.

ಬಿಸಿಲು ಜಾಸ್ತಿಯಾಯಿತು ಎಂದು ಹೇಳಿ ಇಬ್ಬರನ್ನೂ ಎತ್ತಿ ಮುಚ್ಚಳ ಹಾಕಿಬಿಡಬಹುದಿತ್ತು. ಅಳಿಯ ಹೊರಟ ಮೇಲೆ ಹಲಗೆ ಬದಲಾಯಿಸಿದರೆ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಬಡಗಿಯ ತಲೆಯಲ್ಲಿ ಇದೆಲ್ಲ ಬಂದು ಹೋಯಿತು. ಆದರೆ ಮಗು ನುಂಗಿದ್ದನ್ನು ಯಾವ ಮುಚ್ಚಳದಿಂದ ಮುಚ್ಚುವುದು? ಅವನು ಮೊಮ್ಮಗನನ್ನು ಎತ್ತಿಕೊಂಡು ಅಂಗಿಯ ತುದಿಯಿಂದ ಅವನ ನಾಲಿಗೆ ಒರೆಸಿದ.

"ಡಾಕ್ಟರ ಹತ್ರ ಹೋಗ್ಬೇಕು," ಎಂದ. "ಹಲಗೆಗೆ ಗೆದ್ದಲ ಔಷಧಿ ಹಚ್ಚಿದ್ದೀನಿ."

ಅಳಿಯ ಎದ್ದು ನಿಂತ. "ಅಂದ್ರೆ ವಿಷಾನಾ?"

"ಅಭ್ಯಾಸಬಲ... ಕೈ ತಾನಾಗೇ..."

"ಮಕ್ಕಳು ಆಡೋದಕ್ಕೆ ವಿಷ ಬಳಿದ್ರಾ ಮಾವ?"

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಅರ್ಥವಾಗದವನಂತೆ ಕೇಳಿದ, ಅಷ್ಟೆ. ಆಮೇಲೆ ಮಗನನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡ. ಮೊಮ್ಮಗಳು "ನಾನೇನೂ ತಿಂದಿಲ್ಲ, ನಾನಿಲ್ಲೇ ಇರ್ತೀನಿ" ಎಂದು ಅಳುತ್ತ ಬರಿಗಾಲಲ್ಲಿ ಕಾರು ಹತ್ತಿದಳು. ಬಡಗಿಯೂ ಹತ್ತಲು ಹೋದ. ಅಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು.

ಸಂಜೆ ಫೋನು ಬಂತು. ಮಗುವಿಗೆ ಏನೂ ಆಗಿಲ್ಲ, ಹೊಟ್ಟೆಗೆ ಹೋದದ್ದು ಕಡಿಮೆ ಎಂದರಂತೆ ಡಾಕ್ಟರು. "ಹಲಗೆ ಎಲ್ಲ ಕಿತ್ತು ಹೊಸದು ಹಾಕ್ತೀನಿ, ಒಂದೆರಡು ದಿನ ಬಿಟ್ಟು ಬೇಕಾದ್ರೆ..." ಎಂದ ಬಡಗಿ.

"ಬೇಡ ಮಾವ. ಮನೇಲಿ ಇವಳು ತುಂಬಾ ಹೆದರಿಕೊಂಡಿದ್ದಾಳೆ. ನಂಗೂ ಧೈರ್ಯ ಬರಲ್ಲ." ಹುಷಾರಾಗಿರಿ ಎಂದು ಹೇಳಿ ಫೋನಿಟ್ಟ.

ಹೆಂಡತಿ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಸೆರಗಿನ ತುಂಬ ಮರಳು, ಕೊಡವಿಕೊಂಡಿರಲಿಲ್ಲ. ಬಡಗಿ ಮಗುವಿನ ವಿಷಯ ಹೇಳಿದ. ಅವಳು ತಲೆಯಾಡಿಸಿದಳು. ಆಮೇಲೆ ತುಂಬ ಮೆತ್ತಗೆ ಕೇಳಿದಳು.

"ಊರು ಬಿಡೋ ಮುಂಚೆ ಒಂದ್ಸಲನಾದ್ರೂ ಮಕ್ಕಳನ್ನ ತೋರಿಸಿಕೊಂಡು ಹೋಗ್ತಾನಂತಾ?"

"ಹೂಂ, ಬರ್ತಾನೆ," ಎಂದ ಬಡಗಿ. "ಅವನೇ ಅಂದ, ಸಾಮಾನೆಲ್ಲ ಕಟ್ಟಿ ಆದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು, ಇಬ್ಬರನ್ನೂ ಕರಕೊಂಡು..." ಅವಳು ಮುಖ ಎತ್ತಿ ನೋಡಿದಳು. ಅವನು ಅಲ್ಲಿಂದ ತಿರುಗಿ, ಹಿತ್ತಲ ಗೇಟಿನ ಚಿಲಕ ತೆಗೆದು, "ಬೆಳಿಗ್ಗೆನೇ ಬಂದು, ಸಂಜೆವರೆಗೂ..." ಎನ್ನುತ್ತ ಬೀದಿಗಿಳಿದುಬಿಟ್ಟ.